ಲೈನ್‌ಮನ್ನರ ಬಲಗಾಲು

ಆಪರೇಷನ್ನಿಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ಐದು ನಿಮಿಷದ ಕೆಲಸ. ಸಿಂದಗಿಯ ನಮ್ಮ ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಆ ಕೆಲಸ ಥಿಯೇಟರಿನ ಹಿರಿಯ ನರ್ಸ್ ಆದ ನನ್ನ ಪಾಲಿನದು. ಪತ್ರ ಓದಿ ಹೇಳುತ್ತೇನೆ, ಪೆನ್ನು ಕೊಡುತ್ತೇನೆ, ಅವರು ಸಹಿ ಮಾಡುತ್ತಾರೆ ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. ಈ ಮನುಷ್ಯನ ಒಂದು ಸಹಿಗೆ ನನಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ಅವರ ಕಾಲು ಕೊಳೆಯುತ್ತಲೇ ಇತ್ತು.

ಅವರು ಮುದ್ದೇಬಿಹಾಳದವರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು, ಕ್ಯಾಥೊಲಿಕ್ ಕ್ರೈಸ್ತರು. ಮಗಳು ಸಿಂದಗಿಯಲ್ಲಿ ಶಾಲೆಯ ಶಿಕ್ಷಕಿ. ಬಲಗಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿ, ಶುಗರ್ ಇದ್ದುದರಿಂದ ಅದು ಮಾಯದೆ, ಎರಡು ತಿಂಗಳು ಅರಿಶಿನ ಎಣ್ಣೆ ಎಂದು ಕಾಲ ಕಳೆದು, ಕಡೆಗೆ ಮಗಳು ಹಟ ಹಿಡಿದು ಸೋಮವಾರ ಕರೆತಂದಿದ್ದಳು. ಪಟ್ಟಿ ಬಿಚ್ಚಿದಾಗಲೇ ವಾಸನೆ ವಾರ್ಡಿನ ಆ ತುದಿಗೆ ಹೋಯಿತು. ಬೆರಳುಗಳು ಕಪ್ಪಾಗಿದ್ದವು. ಹಿಮ್ಮಡಿಯ ಮೇಲಿನ ಚರ್ಮ ಒತ್ತಿದರೆ ಒಳಗೆ ಗಾಳಿ ಸರಿದಾಡುವುದು ಕೈಗೆ ತಿಳಿಯುತ್ತಿತ್ತು.

ಮಂಗಳವಾರ ಮತ್ತು ಶುಕ್ರವಾರ ವಿಜಯಪುರದಿಂದ ಬರುವ ಸರ್ಜನ್ ನೋಡಿ, ಮೊಣಕಾಲ ಕೆಳಗೆ ಕತ್ತರಿಸಬೇಕು, ಇವತ್ತೇ, ಎಂದರು. ಕೆಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. ನಾನು ಪತ್ರ ಹಿಡಿದು ಹೋದೆ.

ಲೈನ್‌ಮನ್ ಕನ್ನಡಕ ಹಾಕಿಕೊಂಡು ಎರಡೂ ಮಗ್ಗುಲು ಓದಿದರು. ಓದಿ ಕೇಳಿದರು. "ಕಡದ ಕಾಲು ಏನ್ ಮಾಡ್ತೀರಿ?"

ಈ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಇದ್ದದ್ದು ಹೇಳಿದೆ. ಕತ್ತರಿಸಿದ ಅಂಗವನ್ನು ಹಳದಿ ಚೀಲಕ್ಕೆ ಹಾಕಿ, ಬಾರ್‌ಕೋಡ್ ಚೀಟಿ ಅಂಟಿಸಿ, ತೂಕ ಬರೆದು, ಆಸ್ಪತ್ರೆ ಕಸದ ಗಾಡಿಗೆ ಕೊಡುತ್ತೇವೆ. ಅವರು ಒಯ್ದು ಸುಡುತ್ತಾರೆ.

"ಹಂಗಾದ್ರ ಸಹಿ ಇಲ್ರಿ," ಎಂದು ಪತ್ರವನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟರು. "ನನ್ನ ಕಾಲು ನಮ್ಮ ಮುದ್ದೇಬಿಹಾಳದ ಸ್ಮಶಾನದಾಗ ಮಣ್ಣಾಗಬೇಕು. ಬರದು ಕೊಡ್ರಿ, ಸಹಿ ಮಾಡ್ತೇನಿ."

ಮಗಳು ಅತ್ತಳು. ಸರ್ಜನ್ ಗಡಿಯಾರ ನೋಡಿಕೊಂಡರು, ಬೇರೆ ಇಬ್ಬರಿಗೆ ಆಪರೇಷನ್ ಮಾಡಿ ಹೊರಟುಹೋದರು. ಹೋಗುವಾಗ ನನಗೆ ಹೇಳಿದರು. "ದಿನಾ ಮುಂಜಾನೆ ಗೆರಿ ಹೊಡೀರಿ. ಶುಕ್ರವಾರ ಮತ್ತ ನೋಡೂಣ. ಕೆಂಪು ಮೊಣಕಾಲ ದಾಟಿದ್ರ ಮೊಣಕಾಲೂ ಹೋಗ್ತೈತಿ, ಆಮ್ಯಾಲ ನನ್ನ ಬೈಬ್ಯಾಡ್ರಿ."

ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರಿಗೆ ವಿಷಯ ತಿಳಿಸಿದೆ. "ಕಾಲು ಕೊಡೂ ಪದ್ಧತಿ ನಮ್ಮಲ್ಲಿಲ್ಲ. ನೀವ ಏನಾರ ಮಾಡಿ ಒಪ್ಪಸ್ರಿ," ಎಂದರು. ಏನಾರ ಮಾಡಿ ಎಂಬ ಮಾತು ಈ ಆಸ್ಪತ್ರೆಯಲ್ಲಿ ಯಾವಾಗಲೂ ನನ್ನ ಕಡೆಗೇ ಬರುತ್ತದೆ.

ನಿಯಮದಲ್ಲಿ ದಾರಿ ಇದೆಯೇ ಎಂದು ಬುಧವಾರ ಬೆಳಿಗ್ಗೆಯಿಂದ ಫೋನ್ ಹಿಡಿದು ಕುಳಿತೆ. ಒಂದು ಕಚೇರಿಯವರು, ಬರೆದು ಕೇಳಿ, ಬರೆದು ಹೇಳುತ್ತೇವೆ ಎಂದರು. ಎಷ್ಟು ದಿನ ಎಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಇನ್ನೊಂದು ಕಡೆ, ಹೂಳುವುದಕ್ಕೆ ಅನುಮತಿ ಬೇಕೆ ಎಂದು ಕೇಳಿದ್ದಕ್ಕೆ ಗುಮಾಸ್ತ ಕೇಳಿದ. "ಸತ್ತವರ ಹೆಸರೇನ್ರಿ?"

"ಸತ್ತಿಲ್ರಿ. ಕಾಲಷ್ಟ."

"ಮತ್ತ ಮರಣದ ದಾಖಲೆ ಹೆಂಗ ಕೊಡ್ತೀರಿ?"

"ಕೊಡೂದಿಲ್ರಿ. ಮನುಷ್ಯಾ ಜೀವಂತ ಅದಾನ."

"ಹಂಗಾರ ಹೂಳಾಕ ಬರೂದಿಲ್ಲ," ಎಂದು ಫೋನ್ ಇಟ್ಟ.

ಒಟ್ಟಿನಲ್ಲಿ ಕೊಡಬಾರದು ಎಂದು ಯಾರೂ ಹೇಳಲಿಲ್ಲ, ಕೊಡಬಹುದು ಎಂದೂ ಹೇಳಲಿಲ್ಲ. ಬುಧವಾರದ ಗೆರೆ ಮಂಗಳವಾರದ ಗೆರೆಗಿಂತ ಎರಡು ಬೆರಳು ಮೇಲಿತ್ತು.

ಅವತ್ತು ಮಧ್ಯಾಹ್ನ ಮಗಳು ಫಾದರ್ ಅವರನ್ನು ಕರೆಸಿದಳು. ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲೆಲ್ಲಿ ಐದಾರು ಮನೆ ಕ್ಯಾಥೊಲಿಕರಿದ್ದಾರೋ ಅಲ್ಲೆಲ್ಲ ಮೋಟಾರ್ ಸೈಕಲ್ ಮೇಲೆ ತಿರುಗುವವರು. ಹೆಲ್ಮೆಟ್ ತೆಗೆದಾಗ ಹುಬ್ಬಿನ ತುಂಬ ಕೆಂಪು ಧೂಳಿತ್ತು. ನನಗೆ ಸಮಾಧಾನವಾಯಿತು. ಇವರು ಒಂದು ಮಾತು ಹೇಳಿದರೆ ಮುದುಕ ಸಹಿ ಹಾಕುತ್ತಾನೆ ಎಂದುಕೊಂಡೆ.

ಫಾದರ್ ಹಾಸಿಗೆಯ ಪಕ್ಕ ಕುಳಿತು ತಾಳ್ಮೆಯಿಂದ ಹೇಳಿದರು. "ಮನುಷ್ಯ ಸತ್ತ ಕ್ಷಣವೇ ಅವನ ಆತ್ಮಕ್ಕೆ ತೀರ್ಪಾಗುತ್ತದೆ. ಸ್ವರ್ಗವೋ, ನರಕವೋ, ಸ್ವರ್ಗಕ್ಕೆ ಮುಂಚೆ ಶುದ್ಧವಾಗಬೇಕಾದ ಸ್ಥಿತಿಯೋ, ಆಗಲೇ ತಿಳಿಯುತ್ತದೆ. ದೇಹ ಮಾತ್ರ ಇಲ್ಲಿ ಉಳಿಯುತ್ತದೆ. ಲೋಕದ ಕೊನೆಯ ದಿನ ಎಲ್ಲರ ದೇಹವನ್ನೂ ದೇವರು ಎಬ್ಬಿಸುತ್ತಾನೆ. ಸಮುದ್ರದಲ್ಲಿ ಮುಳುಗಿದವರನ್ನು ಎಬ್ಬಿಸುತ್ತಾನೆ, ಬೆಂಕಿಯಲ್ಲಿ ಬೂದಿಯಾದವರನ್ನೂ ಎಬ್ಬಿಸುತ್ತಾನೆ. ನಿಮ್ಮ ಕಾಲು ಸುಟ್ಟರೆ ದೇವರಿಗೆ ಕಷ್ಟವಾಗುತ್ತದೆಯೇ?"

"ಇದನ್ನ ನಾನ ಇಪ್ಪತ್ತು ವರ್ಷ ಚರ್ಚಿನ್ಯಾಗ ಹುಡುಗರಿಗೆ ಕಲಿಸೇನಿ, ಫಾದರ್," ಎಂದರು ಲೈನ್‌ಮನ್. "ದೇವ್ರಿಗೆ ಕಷ್ಟ ಆಗೂದಿಲ್ಲ, ಗೊತ್ತೈತಿ. ಎಬ್ಬಸ್ತಾನ ಅಂತ ಗೊತ್ತಿದ್ದದ್ದಕ್ಕನ ಹೂಳ್ರಿ ಅಂತೇನಿ. ಎಬ್ಬಸೂ ವಸ್ತು ಯಾರಾರ ಕಸದ ಗಾಡ್ಯಾಗ ಒಗೀತಾರೇನು?"

ಫಾದರ್ ನನ್ನ ಕಡೆ ನೋಡಿದರು. ಹೊರಗೆ ಕರೆದು ಕೇಳಿದೆ. "ಫಾದರ್, ನಿಮ್ಮ ಧರ್ಮದಾಗ ಏನೈತಿ? ಹೂಳಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ."

"ಹೂಳಿದರೆ ಒಳ್ಳೆಯದು. ಹೂಳಲೇಬೇಕು ಎಂದಿಲ್ಲ. ಸುಟ್ಟರೆ ಪಾಪವಲ್ಲ."

ಇದು ಕಚೇರಿಯವರ ಉತ್ತರಕ್ಕಿಂತ ಯಾವ ರೀತಿಯಲ್ಲಿ ಬೇರೆ ಎಂದು ನನಗೆ ತಿಳಿಯಲಿಲ್ಲ. ನಾನು ಬಾಗೇವಾಡಿಯ ಲಿಂಗಾಯತರ ಮನೆಯವಳು. ನಮ್ಮಲ್ಲೂ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ. ಆದರೆ ಕೊಟ್ಟ ಮೇಲೆ ಮುಗಿಯಿತು. ಐಕ್ಯವಾದವರು ಎದ್ದು ಬರುತ್ತಾರೆಂದು ಯಾರೂ ಕಾಯುವುದಿಲ್ಲ. ಈ ಮನುಷ್ಯ ಮಾತ್ರ ಕೊನೆಯ ದಿನದ ಬಸ್ಸಿಗೆ ಸಾಮಾನು ಕಟ್ಟಿಟ್ಟುಕೊಂಡವರ ಹಾಗೆ ಕುಳಿತಿದ್ದರು.

ಗುರುವಾರ ಗೆರೆ ಮೀನಖಂಡದ ನಡುವಿಗೆ ಬಂತು. ಜ್ವರ ನೂರಾ ಎರಡು. ಶುಗರ್ ಇಳಿಯುತ್ತಿರಲಿಲ್ಲ. ದೊಡ್ಡ ಡಾಕ್ಟರು ಮದುವೆಗೆಂದು ಬಾಗಲಕೋಟೆಗೆ ಹೋಗಿದ್ದರು. ಸಂಜೆ ನಾಲ್ಕಕ್ಕೆ ನಾನು ಆಸ್ಪತ್ರೆಯ ಹೆಸರಿನ ಹಾಳೆ ತೆಗೆದು, ಕತ್ತರಿಸಿದ ಬಲಗಾಲನ್ನು ಮಣ್ಣು ಮಾಡಲು ಕುಟುಂಬಕ್ಕೆ ಒಪ್ಪಿಸಬಹುದು ಎಂದು ಬರೆದು, ಶಿಕ್ಕಾ ಒತ್ತಿ, ನನ್ನ ಹೆಸರಿನಲ್ಲಿ ಸಹಿ ಮಾಡಿದೆ. ಕೇಳಿದರೆ ಬೇಡ ಎನ್ನುತ್ತಾರೆ, ಕೇಳದಿದ್ದರೆ ಬೈಯುತ್ತಾರೆ. ಬೈಗುಳ ತಿನ್ನುವುದು ನನಗೆ ಅಭ್ಯಾಸವಿದೆ.

ಲೈನ್‌ಮನ್ ಕನ್ನಡಕ ಹಾಕಿಕೊಂಡರು. ಓದಿದರು. "'ಒಪ್ಪಿಸಬಹುದು' ಅಂದ್ರ ಒಪ್ಪಿಸದನೂ ಇರಬಹುದು ಅಂದಂಗಾತು. 'ಒಪ್ಪಿಸಲಾಗುವುದು' ಅಂತ ಬರೀರಿ ಸಿಸ್ಟರ್."

ಇನ್ನೊಂದು ಹಾಳೆ ತಂದು ಮತ್ತೆ ಬರೆದೆ. ಆಗ ಸಹಿ ಹಾಕಿದರು.

ಶುಕ್ರವಾರ ಆಪರೇಷನ್ ಚೆನ್ನಾಗಿಯೇ ಆಯಿತು. ಮೊಣಕಾಲು ಉಳಿಯಿತು, ಅದರ ಕೆಳಗೆ ಒಂದು ಗೇಣು ಸಿಕ್ಕಿತು. ಕಾಲನ್ನು ನಾನೇ ಬಿಳಿ ಬಟ್ಟೆಯಲ್ಲಿ ಸುತ್ತಿದೆ, ದಪ್ಪ ಪ್ಲಾಸ್ಟಿಕ್ ಕಟ್ಟಿದೆ. ಮಾರನೆಯ ದಿನ ಹನ್ನೊಂದಕ್ಕೆ ಮುದ್ದೇಬಿಹಾಳದಲ್ಲಿ ಮಣ್ಣು ಎಂದು ಫಾದರ್ ನಿಗದಿ ಮಾಡಿದ್ದರು. ಅಲ್ಲಿಯವರೆಗೆ ಇಡಲು ಇದ್ದದ್ದು ಕಸದ ಕೋಣೆಯ ಸಣ್ಣ ಫ್ರೀಜರ್ ಒಂದೇ.

ಇಲ್ಲಿ ನಾನು ಮಾಡಿದ ತಪ್ಪನ್ನು ಸರಿಯಾಗಿ ಹೇಳಬೇಕು. ನಾಳೆ ಯಾರಾದರೂ ತಪಾಸಣೆಗೆ ಬಂದರೆ ದಾಖಲೆ ಸರಿಯಿರಲಿ ಎಂದು ಆ ಕಟ್ಟನ್ನು ಹಳದಿ ಚೀಲದಲ್ಲಿ ಹಾಕಿ, ತೂಕ ಬರೆದು, ಬಾರ್‌ಕೋಡ್ ಚೀಟಿ ಅಂಟಿಸಿದೆ. ಚೀಲದ ಮೇಲೆ ಅಂಟುಪಟ್ಟಿ ಹಚ್ಚಿ 'ಕುಟುಂಬಕ್ಕೆ ಕೊಡುವುದು' ಎಂದು ಬರೆದೆ. ಕಸದ ಗಾಡಿ ದಿನ ಬಿಟ್ಟು ದಿನ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಬಂದು ಹೋಗಿತ್ತು, ಇನ್ನು ಭಾನುವಾರ ಬರಬೇಕು. ನಿಶ್ಚಿಂತೆಯಿಂದ ಮನೆಗೆ ಹೋದೆ.

ಭಾನುವಾರ ರಜೆ ಬೇಕೆಂದು ಗಾಡಿಯವರು ಶನಿವಾರ ಬೆಳಿಗ್ಗೆ ಆರೂವರೆಗೇ ಬಂದುಬಿಟ್ಟಿದ್ದರು. ನಾನು ಎಂಟಕ್ಕೆ ಬಂದಾಗ ಫ್ರೀಜರ್ ಖಾಲಿ. ಗಾಡಿಯವನು ಬರಹ ಓದುವವನಲ್ಲ. ಬಾರ್‌ಕೋಡ್ ಇದ್ದದ್ದನ್ನು ಒಯ್ಯುವುದು ಅವನ ಕೆಲಸ, ಒಯ್ದಿದ್ದ.

ಡ್ರೈವರಿನ ಫೋನ್ ಹತ್ತಲಿಲ್ಲ. ಮಗಳು ಕಾಲು ಒಯ್ಯಲು ಸ್ಕೂಟಿ ತಂದು ಬಾಗಿಲಲ್ಲೇ ನಿಂತಿದ್ದಳು. ವಿಷಯ ಹೇಳಿದೆ. ಇಬ್ಬರೂ ಅದೇ ಸ್ಕೂಟಿಯ ಮೇಲೆ ಗಾಡಿಯ ಬೆನ್ನು ಹತ್ತಿದೆವು. ದೇವರ ಹಿಪ್ಪರಗಿಯ ಆಸ್ಪತ್ರೆಯಲ್ಲಿ ಕೇಳಿದರೆ, ಹೋಗಿ ಒಂದು ತಾಸಾಯಿತು ಎಂದರು. ಅಲ್ಲಿಂದ ಬಾಗೇವಾಡಿಗೆ ಹೊರಟೆವು. ಎರಡೂ ಕಡೆ ತೊಗರಿ ಹೊಲ, ನಡುವೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ಒಂದೂ ದಾರಿ ಬಿಡುವುದಿಲ್ಲ. ನನ್ನ ತವರೂರಿಗೆ ನಾನು ಹೀಗೆ, ಸಮವಸ್ತ್ರದಲ್ಲಿ, ಒಂದು ಕಾಲು ಹುಡುಕಿಕೊಂಡು ಹೋಗುತ್ತೇನೆಂದು ಎಣಿಸಿರಲಿಲ್ಲ. ಬಾಗೇವಾಡಿಯಲ್ಲೂ ಗಾಡಿ ಇರಲಿಲ್ಲ.

ಸುಡುವ ಘಟಕದ ನಂಬರು ಅಲ್ಲಿ ಸಿಕ್ಕಿತು. ಬಸ್ ನಿಲ್ದಾಣದ ಗೋಡೆಗೆ ಒರಗಿ ನಿಂತು ಫೋನ್ ಮಾಡಿದೆ. ಅಲ್ಲಿಯವನು ಚೀಟಿಯ ನಂಬರು ಕೇಳಿದ, ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ. "ಆ ಗಾಡಿ ಖಾಲಿ ಆಗೇತ್ರಿ. ಅಂಗಾಂಗದ ಚೀಲ ಮೊದಲ ಒಲಿಗೆ ಹಾಕ್ತೀವ್ರಿ, ಇಟ್ಕೊಳ್ಳೂದಿಲ್ಲ. ಹೋತ್ರಿ ಅದು."

ಕೂಡಲೇ ಫಾದರ್ ಅವರ ಫೋನ್ ಬಂತು. ಮುದ್ದೇಬಿಹಾಳದ ಸ್ಮಶಾನದಲ್ಲಿ, ಲೈನ್‌ಮನ್ನರ ಹೆಂಡತಿಯ ಗೋರಿಯ ಪಕ್ಕ, ಮೂರು ಅಡಿ ಗುಂಡಿ ತೆಗೆಸಿ ಕಾಯುತ್ತಿದ್ದರು. ಹೇಳಿದೆ. ಅವರು, "ಮುಚ್ಚಿಸುತ್ತೇನೆ," ಎಂದರು.

ಮರಳಿ ಬರುವಷ್ಟರಲ್ಲಿ ದೊಡ್ಡ ಡಾಕ್ಟರು ಬಂದಿದ್ದರು. ನನ್ನ ಪತ್ರದ ಸುದ್ದಿ ತಿಳಿದಿತ್ತು. ಬೈದರು, ಬೈದು ಮುಗಿಸಿದ ಮೇಲೆ ಒಂದು ಉಪಾಯ ಹೇಳಿದರು. "ಪ್ಲಾಸ್ಟರ್ ಹಾಕಿ ಒಂದು ಕಾಲು ಮಾಡ್ರಿ. ಬಟ್ಟಿ ಸುತ್ತಿ ಕೊಟ್ಬಿಡ್ರಿ. ಬಿಚ್ಚಿ ನೋಡ್ತಾರೇನು ಯಾರಾರ?"

ಮಗಳೂ ನನ್ನ ಕೈ ಹಿಡಿದುಕೊಂಡಳು. "ಹಂಗ ಮಾಡೂಣ್ರಿ ಅಕ್ಕಾರ. ಅಪ್ಪಗ ಖರೆ ಹೇಳಬ್ಯಾಡ್ರಿ. ತಡಕೊಳ್ಳೂದಿಲ್ಲ ಅವ್ರು."

ನಾನು ಪ್ಲಾಸ್ಟರ್ ಕೋಣೆಗೆ ಹೋದೆ. ಆರಿಂಚಿನ ನಾಲ್ಕು ರೋಲ್ ತೆಗೆದೆ. ಬಕೆಟ್ಟಿಗೆ ನೀರು ಬಿಟ್ಟೆ. ಮೊದಲ ರೋಲ್ ಮುಳುಗಿಸಿದೆ, ಗುಳ್ಳೆ ಬರುವುದು ನಿಲ್ಲುವವರೆಗೆ ಹಿಡಿದುಕೊಂಡಿದ್ದೆ. ಆ ಹೊತ್ತಿನಲ್ಲಿ ಯೋಚನೆ ಬಂತು. ಇದನ್ನು ಹೂಳುವುದಾದರೆ ಫಾದರ್ ಅವರಿಗೂ ಸುಳ್ಳು ಹೇಳಿಸಬೇಕು, ಇಲ್ಲವೇ ಅವರು ಸುಣ್ಣದ ಗಡ್ಡೆಯ ಮೇಲೆ ಪ್ರಾರ್ಥನೆ ಮಾಡಬೇಕು. ಆ ಮುದುಕ ಮುಂದೆ ಪ್ರತಿ ವರ್ಷ ಹೋಗಿ ಅದರ ಮೇಲೆ ಮೇಣದ ಬತ್ತಿ ಹಚ್ಚುತ್ತಾನೆ. 'ಒಪ್ಪಿಸಲಾಗುವುದು' ಎಂದು ತಿದ್ದಿ ಬರೆಸಿದ ಮನುಷ್ಯನಿಗೆ ನಾನು ಈ ಗಡ್ಡೆಯನ್ನು ಒಪ್ಪಿಸಲಾರೆ ಎನಿಸಿತು. ಇದು ದೊಡ್ಡತನವೇನಲ್ಲ. ಅಷ್ಟು ದಿನದ ರೇಗಾಟದಲ್ಲಿ ಇನ್ನೊಂದು ಸುಳ್ಳನ್ನು ಹೊತ್ತು ತಿರುಗುವ ಶಕ್ತಿ ನನಗೆ ಉಳಿದಿರಲಿಲ್ಲ. ರೋಲ್ ಬಕೆಟ್ಟಿನಲ್ಲೇ ಗಟ್ಟಿಯಾಯಿತು. ನಾನು ವಾರ್ಡಿಗೆ ಹೋದೆ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಚೀಟಿ ಅಂಟಿಸಿದ್ದು ನಾನು, ತಪ್ಪು ನನ್ನದು ಎಂದೆ.

ಅವರು ಕೂಗಾಡಲಿಲ್ಲ. "ಒಲಿ ಎಷ್ಟು ಡಿಗ್ರಿ ಇರ್ತೈತಿ?" ಎಂದು ಕೇಳಿದರು.

"ಎಂಟನೂರರ ಮ್ಯಾಲ ಅಂತಾರ್ರಿ."

"ಎಲುಬೂ ಉಳಿಯೂದಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅವತ್ತು ಊಟ ಮಾಡಲಿಲ್ಲ. ಇನ್ಸುಲಿನ್ ಚುಚ್ಚಲು ಹೋದರೆ ತೋಳು ಎಳೆದುಕೊಂಡರು. ಭಾನುವಾರ ಬೆಳಿಗ್ಗೆಯೂ ಅದೇ. ಮಗಳು ತಂದ ಗಂಜಿ ಆರಿ ಕೆನೆಗಟ್ಟಿತು. ನನ್ನ ರಜೆಯ ದಿನ ಅದು. ಮನೆಯಲ್ಲಿ ಕೂರಲಾಗದೆ ಬಂದಿದ್ದೆ. ಗಂಜಿ ನೋಡಿ ನನ್ನ ತಾಳ್ಮೆ ಮುಗಿಯಿತು.

"ಕಾಲು ಹೋತು, ನಾ ಕಳದೆ. ನನ್ನ ಮ್ಯಾಲ ಅರ್ಜಿ ಹಾಕ್ರಿ, ಬೈರಿ, ಬ್ಯಾಡ ಅನ್ನೂದಿಲ್ಲ. ಆದ್ರ ಹಿಂಗ ಉಪವಾಸ ಬಿದ್ರ ನಾಳೆ ಫಾದರ್ ಆರಡಿ ಗುಂಡಿ ತಗಸಬೇಕಾಕ್ಕೈತಿ. ಅಷ್ಟಕ್ಕ ಮೂರು ದಿನ ನಮ್ಮ ಜೀವಾ ತಿಂದ್ರೇನು ನೀವು?"

ಅವರು ನಿಧಾನವಾಗಿ ಈ ಕಡೆ ತಿರುಗಿದರು. "ಸಿಸ್ಟರ್, ನೀವು ಹೇಳದಿದ್ರ ನನಗ ಗೊತ್ತಾಗ್ತಿತ್ತೇನು?"

"ಇಲ್ರಿ."

"ಮತ್ತ ಯಾಕ ಹೇಳಿದ್ರಿ?"

"ಬರದು ಕೊಟ್ಟಾಕಿ ನಾ ಅಲ್ಲೇನ್ರಿ? ಹೇಳೂದೂ ನಾನ."

ಆಮೇಲೆ, ನನ್ನ ಮುಖ ನೋಡದೆ, ಹೇಳಿದರು. ಅವರಿಗೊಬ್ಬ ತಮ್ಮ. ಅಪ್ಪ ತೀರಿದ ದಿನ ಅವನು ಊರಲ್ಲಿರಲಿಲ್ಲ. ದೂರದಲ್ಲೆಲ್ಲೋ ಕೆಲಸದಲ್ಲಿದ್ದವನು ಮಣ್ಣು ಮುಗಿದ ಮೇಲೆ ಬಂದ. ಹಸಿದು ಬಂದವನಿಗೆ ಮನೆಯವರು ತಾಟು ಹಚ್ಚಿ ಕೊಟ್ಟರು. "ಅಪ್ಪನ ಮಣ್ಣಿಗೆ ಬರದವ ಅಪ್ಪನ ಮನ್ಯಾಗ ಉಣಬ್ಯಾಡ ಅಂತ ಉಣ್ಣೂ ತಾಟಿಗೆ ಒದ್ದೆ. ಅವ ಎದ್ದು ಹ್ವಾದ. ಇಪ್ಪತ್ನಾಕು ವರ್ಷ ಆತು, ಮಾತಿಲ್ಲ."

"ಅದಕ ಕಾಲು ಬೇಕಾಗಿತ್ತೇನ್ರಿ?"

"ಕಡೀ ದಿನ ಎಲ್ಲಾರೂ ಮೈ ಸಮೇತ ನಿಂದರಬೇಕು. ಯಾರ್ ಯಾರಿಗೆ ಏನ್ ಮಾಡೇವಿ ಅಲ್ಲಿ ಎಲ್ಲಾರ ಮುಂದ ತಿಳೀತೈತಿ. ಒದ್ದ ಕಾಲನ್ನ ನಾನ ಸುಡಾಕ ಕೊಟ್ಟು ಹೋದ್ರ, ಗುರುತು ಅಳಿಸಿದಂಗ ಆಕ್ಕೈತಿ ಅನಸ್ತು. ಮುಚ್ಚಿಟ್ಟಂಗ."

"ನಿಮ್ಮಲ್ಲಿ ಫಾದರ್ ಮುಂದ ಪಾಪ ಹೇಳ್ಕೊಂಡ್ರ ಮುಗೀತಂತಲ್ರಿ."

"ಹೇಳ್ಕೊಂಡೇನಿ. ದೇವ್ರು ಕ್ಷಮಾ ಮಾಡ್ಯಾನ, ಅದರಾಗ ಸಂಶೆ ಇಲ್ಲ. ತಮ್ಮಗ ಹೇಳಿಲ್ಲ."

"ತಮ್ಮ ಎಲ್ಲಿ ಅದಾರ?"

"ಇಂಡ್ಯಾಗ. ನಿಂಬಿಹಣ್ಣಿನ ಟೆಂಪೊ ಹೊಡೀತಾನ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಸಿಂದಗಿಯಿಂದ ಇಂಡಿ ಎಷ್ಟು ದೂರ? ಬಸ್ಸಿನಲ್ಲಿ ಒಂದೂವರೆ ತಾಸು. ಇಂಡಿಗೆ ಒಂದು ಫೋನ್ ಮಾಡಲಾರದ ಮನುಷ್ಯ ಲೋಕದ ಕೊನೆಯ ದಿನದವರೆಗೆ ಕಾಲು ಕಾಯ್ದಿಡಲು ನನ್ನನ್ನು ಊರೂರು ಅಲೆಸಿದ್ದ. ಏನೂ ಹೇಳದೆ ಹೊರಗೆ ಬಂದು ಮಗಳಿಗೆ, ನಿಮ್ಮ ಕಾಕಾನ ನಂಬರು ಇದೆಯೇ ಎಂದು ಕೇಳಿದೆ. ಅವಳ ಹತ್ತಿರ ಇತ್ತು. ಅಪ್ಪನಿಗೆ ತಿಳಿಯದಂತೆ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದಳಂತೆ.

ಮಧ್ಯಾಹ್ನ ಮೂರಕ್ಕೆ ತಮ್ಮ ಬಂದ. ಅರವತ್ತರ ಮನುಷ್ಯ, ಅಂಗಿಯಿಂದ ನಿಂಬೆಯ ವಾಸನೆ ಬರುತ್ತಿತ್ತು. ಹಾಸಿಗೆಯ ಕಾಲ ಕಡೆ ಸ್ಟೂಲಿನ ಮೇಲೆ ಕುಳಿತ. ನಾನು ಅಲ್ಲೇ ಗಾಯದ ಪಟ್ಟಿ ನೋಡುತ್ತಿದ್ದೆ. ಕಡೆಗೆ ಅಣ್ಣ ಹೊದಿಕೆಯ ಖಾಲಿ ಜಾಗ ತೋರಿಸಿದರು.

"ನಿನ್ನ ತಾಟಿಗೆ ಒದ್ದ ಕಾಲು. ಕಡದು ತಗದ್ರು. ಸುಟ್ಟು ಹೋತು."

ತಮ್ಮ ಅದನ್ನು ನೋಡಿದ, ಅಣ್ಣನ ಮುಖ ನೋಡಿದ. "ಬಲಗಾಲು ಅಲ್ಲೋ ಅಣ್ಣಾ. ಎಡಗಾಲು."

"ಬಲಗಾಲು."

"ನೀ ಬಾಗಲ ಚೌಕಟ್ಟು ಹಿಡಕೊಂಡು ಬಲಗಾಲ ಮ್ಯಾಲ ನಿಂತಿದ್ದಿ. ಎಡಗಾಲಲೆ ಒದ್ದಿ. ಸಾರು ನನ್ನ ಅಂಗಿ ಮ್ಯಾಲ ಬಿತ್ತು. ತಾಟಿನ ಮುಂದ ಕುಂತಾವ ನಾನು, ನನಗ ಗೊತ್ತಿಲ್ಲೇನು?"

ಲೈನ್‌ಮನ್ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದ ಹಾಗೆ ಕಂಡಿತು. ಅವರ ಬಲಗೈ ಮಂಚದ ಕಂಬಿಯನ್ನು ಹಿಡಿಯಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹೊದಿಕೆ ಸರಿಸಿ, ಉಳಿದ ಎಡಗಾಲನ್ನು ಯಾರದೋ ಎಂಬಂತೆ ನೋಡಿದರು. ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡೆ.

"ತಪ್ಪಾತು," ಎಂದರು. ಮತ್ತೆ ಹೇಳಿದರು. "ತಪ್ಪಾತೋ ತಮ್ಮಾ."

"ಇಷ್ಟು ಹೇಳಾಕ ಕಾಲು ಯಾತಕ ಬೇಕಾಗಿತ್ತು? ಬಾಯಿ ಇತ್ತಲ್ಲ," ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟಿತ್ತು. ಇಪ್ಪತ್ತನಾಲ್ಕು ವರ್ಷದ ಸಿಟ್ಟು ಒಂದು ಮಾತಿಗೆ ಹೋಗುವುದಿಲ್ಲ. ಆದರೂ ಅವನು ಏಳಲಿಲ್ಲ.

ನಾನು ಗಂಜಿ ಬಿಸಿ ಮಾಡಿ ತಂದಿಟ್ಟು ಇನ್ಸುಲಿನ್ ಚುಚ್ಚಿದೆ. ಈ ಸಲ ತೋಳು ಎಳೆದುಕೊಳ್ಳಲಿಲ್ಲ. ಆಮೇಲೆ ಎಡಗಾಲು ಪರೀಕ್ಷೆ ಮಾಡಿದೆ. ಹಿಮ್ಮಡಿಯಲ್ಲಿ ಆಳವಾದ ಬಿರುಕಿತ್ತು, ಅಂಚು ಕೆಂಪಾಗಿತ್ತು. "ಇದನ್ನ ದಿನಾ ನೋಡ್ಕೋಬೇಕ್ರಿ," ಎಂದು ರೇಗಿಯೇ ಹೇಳಿದೆ. "ಒಂದು ಕಾಲು ಹೋದವರಿಗೆ ಇನ್ನೊಂದು ಹೋಗಾಕ ತಡ ಆಗೂದಿಲ್ಲ. ದಿನಾ ತೊಳದು, ಒರಸಿ, ಮುಲಾಮು ಹಚ್ಚಬೇಕು. ಇವ್ರ ಕೈಗೆ ಅಲ್ಲಿತನ ಎಟಕೂದಿಲ್ಲ. ಯಾರ್ ಹಚ್ಚವ್ರು?"

ಮಗಳು ಔಷಧಿ ತರಲು ಹೋಗಿದ್ದಳು. ತಮ್ಮ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲಿ ಹಚ್ಚಬೇಕ್ರಿ, ತೋರಸ್ರಿ," ಎಂದ.